ಇಲ್ಲದ ಗುಡ್ಡದ ಮೇಲೊಂದು ವಿಮಾನ ನಿಲ್ದಾಣ

ನವಿಮುಂಬಯಿಯ ಹೊಸ ವಿಮಾನ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಂದು ಪ್ರಯಾಣಿಕರ ವಿಮಾನಗಳ ಓಡಾಟ ಶುರುವಾಯಿತು. ರನ್‌ವೇ 3,700 ಮೀಟರ್ ಉದ್ದ, ಅಂಗೈಯಷ್ಟು ಸಪಾಟು. ಇದೇ ನಿಲ್ದಾಣವನ್ನು ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರಿಗೆ ತರಬೇಕೆಂದು ಹೊರಟ ಹವ್ಯಾಸಿ, ಪುಕ್ಕಟೆ ಸಿಗುವ ದತ್ತಾಂಶವನ್ನು ಇದ್ದ ಹಾಗೇ ಸುರಿದರೆ ಕಾಣುವ ನೋಟ ಬೇರೆ. ಕಾಂಕ್ರೀಟು, ಡಾಂಬರು, ಬಿಳಿ ಗೆರೆ ಎಲ್ಲವೂ ಚಿತ್ರದಲ್ಲಿ ಇವೆ. ಆದರೆ ಆ ನೆಲ ನಡುವೆ ಉಬ್ಬಿ ಮೇಲೇಳುತ್ತದೆ. ದಿಂಬಿನ ಮೇಲೆ ಚಾದರ ಎಳೆದಂತೆ, ನಿಲ್ದಾಣದ ಫೋಟೋ ಒಂದು ಗುಡ್ಡದ ಮೇಲೆ ಹೊದ್ದು ಮಲಗಿರುತ್ತದೆ.

ಅದು ಉಲ್ವೆ ಗುಡ್ಡ. ನಿಲ್ದಾಣಕ್ಕೆಂದು ಗುರುತಿಸಿದ ಸುಮಾರು 1,160 ಹೆಕ್ಟೇರ್ ಜಾಗದಲ್ಲಿ ಸುಮಾರು 90 ಮೀಟರ್ ಎತ್ತರಕ್ಕೆ ನಿಂತಿತ್ತು. ಸಿಡಿಮದ್ದಿಟ್ಟು ಅದನ್ನು ಒಡೆದರು, ಉಲ್ವೆ ನದಿಯ ಪಾತ್ರವನ್ನೇ ತಿರುಗಿಸಿದರು, ತಗ್ಗುಗಳನ್ನು ತುಂಬಿ ಎತ್ತರಿಸಿದರು. ನೆಲದ ಮೇಲೆ ಗುಡ್ಡದ ಕಥೆ ಅಲ್ಲಿಗೆ ಮುಗಿಯಿತು. ಕಂಪ್ಯೂಟರಿನ ಕಡತದಲ್ಲಿ ಮುಗಿಯಲಿಲ್ಲ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಎತ್ತರದ ದತ್ತಾಂಶ 2000ದ ಫೆಬ್ರವರಿಯದು. ಎಂಡೇವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತುತ್ತ ರೇಡಾರಿನಿಂದ ಅಳೆದು ತಂದ ಲೆಕ್ಕ ಅದು, ಹೆಸರು ಎಸ್‌ಆರ್‌ಟಿಎಂ. ಹೊಸದು ಬೇಕೆಂದು ಯುರೋಪಿನ ಕೋಪರ್ನಿಕಸ್ ಎತ್ತರ ನಕ್ಷೆಯನ್ನು ತಂದರೂ ಪಾರಿಲ್ಲ. ಅದರ ಮೂಲ ಅಳತೆ 2010ರ ಕೊನೆಯಿಂದ 2015ರ ಆರಂಭದವರೆಗಿನದು. ಗುಡ್ಡ ಕಡಿಯುವ ಕೆಲಸ ಜೋರಾಗಿದ್ದು ಆಮೇಲೆ.

ಸಿಮ್ಯುಲೇಟರಿನ ನೆಲವನ್ನು ನೋಡುವವರು ಅದನ್ನು ಒಂದು ಫೋಟೋ ಎಂದುಕೊಳ್ಳುತ್ತಾರೆ. ಅದರಲ್ಲಿ ಕಡಿಮೆಯೆಂದರೂ ನಾಲ್ಕು ಪದರಗಳಿವೆ: ಮೇಲಿನಿಂದ ತೆಗೆದ ಚಿತ್ರ, ಎತ್ತರದ ಜಾಲ, ನೀರಿನ ಗಡಿ, ಕಟ್ಟಡ ಮತ್ತು ರಸ್ತೆಗಳ ನಕ್ಷೆ. ಪ್ರತಿ ಪದರಕ್ಕೂ ಅದರದೇ ತಾರೀಕು. ನಿಧಾನವಾಗಿ ಬದಲಾಗುವ ಊರಿನಲ್ಲಿ ಈ ತಾರೀಕುಗಳ ಜಗಳ ಕಣ್ಣಿಗೆ ಬೀಳುವುದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪಟ್ಟಿಯಲ್ಲಿ ಮಾತ್ರ ಅದು ಪ್ರತಿ ಮೈಲಿಗೂ ಎದುರಾಗುತ್ತದೆ. ಇಲ್ಲಿ ಚಿತ್ರ ಸಿದ್ಧಪಡಿಸುವ ಕೆಲಸವೆಂದರೆ ಬಹುಪಾಲು ಕಾಲಗಳನ್ನು ಹೊಂದಿಸುವ ಕೆಲಸ.

ಹಿಂದೆ ಈ ತಾಪತ್ರಯ ಇರಲಿಲ್ಲ, ಏಕೆಂದರೆ ಚಿತ್ರವೇ ಇರಲಿಲ್ಲ. 1982ರಲ್ಲಿ ಮೈಕ್ರೋಸಾಫ್ಟ್ ತನ್ನ ಮೊದಲ ಫ್ಲೈಟ್ ಸಿಮ್ಯುಲೇಟರ್ ಬಿಟ್ಟಾಗ ನೆಲವೆಂದರೆ ಕೆಲವು ಗೆರೆ, ಕೆಲವು ಬಣ್ಣದ ಪಟ್ಟೆ. 2020ರ ಆಗಸ್ಟ್‌ನಲ್ಲಿ ಬಂದ ಆವೃತ್ತಿ ಬಿಂಗ್ ನಕ್ಷೆಯ ಉಪಗ್ರಹ ಚಿತ್ರಗಳನ್ನು ಇಂಟರ್‌ನೆಟ್ ಮೂಲಕ ಹರಿಸಿ ಇಡೀ ಭೂಗೋಳವನ್ನೇ ಪರದೆಗೆ ತಂದಿತು. ಅದರ ಎದುರಾಳಿ ಎಕ್ಸ್‌-ಪ್ಲೇನ್ ಬಳಸುವವರ ದಾರಿ ಬೇರೆ. ಅವರು ಆರ್ಥೋ4ಎಕ್ಸ್‌ಪಿ ಎಂಬ ಪುಕ್ಕಟೆ ತಂತ್ರಾಂಶ ಹಿಡಿದು, ತಮಗೆ ಬೇಕಾದ ಸೀಮೆಯ ನೆಲವನ್ನು ತಾವೇ ಹೊಲಿದುಕೊಳ್ಳುತ್ತಾರೆ. ಕೆಲಸದ ಒಳಗುಟ್ಟು ತಿಳಿಯಬೇಕಾದರೆ ಈ ಎರಡನೆಯ ದಾರಿಯೇ ಒಳ್ಳೆಯದು.

ಎಕ್ಸ್‌-ಪ್ಲೇನ್ ಭೂಮಿಯನ್ನು ಒಂದೊಂದು ಡಿಗ್ರಿ ಅಕ್ಷಾಂಶ, ಒಂದೊಂದು ಡಿಗ್ರಿ ರೇಖಾಂಶದ ಚೌಕಗಳಾಗಿ ಕತ್ತರಿಸಿಟ್ಟಿದೆ. ಪ್ರತಿ ಚೌಕಕ್ಕೂ ಅದರ ನೈಋತ್ಯ ಮೂಲೆಯ ಅಂಕೆಯೇ ಹೆಸರು. ನಮ್ಮ ಪಟ್ಟಿಯ ಪಾಲಿಗೆ ಇದೊಂದು ದೊಡ್ಡ ಕೀಟಲೆ. 19ನೇ ಅಕ್ಷಾಂಶ ಮತ್ತು 73ನೇ ರೇಖಾಂಶ ಒಂದನ್ನೊಂದು ದಾಟುವುದು ನೆರೂಳಿನ ದಕ್ಷಿಣಕ್ಕೆ, ಪನ್ವೇಲ್ ಖಾಡಿಯ (ಕಡಲ ಹಿನ್ನೀರಿನ) ಬಾಯಿಯ ಆಸುಪಾಸಿನಲ್ಲಿ. ಹಾಗಾಗಿ ನಾಲ್ಕು ಚೌಕಗಳು ಕೂಡುವುದು ಇಲ್ಲೇ. ಥಾಣೆ ಸ್ಟೇಶನ್ ಒಂದು ಚೌಕದಲ್ಲಿದ್ದರೆ ಡೊಂಬಿವಲಿ, ಕಲ್ಯಾಣ್ ಅದರ ಪೂರ್ವದ ಚೌಕದಲ್ಲಿವೆ. ಲೋಕಲ್ ರೈಲು ಕಳವಾ ದಾಟುವಾಗ ಪ್ರಯಾಣಿಕನಿಗೆ ಗೊತ್ತಿಲ್ಲದಂತೆ ಆ ಗೆರೆಯನ್ನೂ ದಾಟುತ್ತದೆ. ಹೊಸ ವಿಮಾನ ನಿಲ್ದಾಣ 19ನೇ ಅಕ್ಷಾಂಶಕ್ಕೆ ತುಸು ದಕ್ಷಿಣಕ್ಕಿರುವುದರಿಂದ ಪನ್ವೇಲ್, ಲೋಣಾವಳ, ಪುಣೆಗಳ ಚೌಕಕ್ಕೆ ಸೇರುತ್ತದೆ. ಮುಂಬಯಿಯ ಹಳೆಯ ವಿಮಾನ ನಿಲ್ದಾಣ ಥಾಣೆಯ ಚೌಕದಲ್ಲಿ, ಕೊಲಾಬಾ ಇನ್ನೊಂದರಲ್ಲಿ. ಒಂದು ಚೌಕವನ್ನಷ್ಟೇ ಚೆಂದ ಮಾಡಿ ಬಿಟ್ಟರೆ ವಾಶಿಯ ಮೇಲೆ ಹಾರುವವನಿಗೆ ಊರಿನ ಅರ್ಧ ನಿಜ, ಉಳಿದರ್ಧ ಸುಳ್ಳು.

ಒಂದು ಚೌಕ ಎಷ್ಟು ದೊಡ್ಡದು? ಈ ಅಕ್ಷಾಂಶದಲ್ಲಿ ಪೂರ್ವ ಪಶ್ಚಿಮ ಸುಮಾರು 105 ಕಿಲೋಮೀಟರ್, ದಕ್ಷಿಣೋತ್ತರ ಸುಮಾರು 111. ಇಂಟರ್‌ನೆಟ್ ನಕ್ಷೆಗಳು ಚಿತ್ರವನ್ನು 256 ಪಿಕ್ಸೆಲ್ ಅಗಲ, ಅಷ್ಟೇ ಉದ್ದದ ಸಣ್ಣ ತುಣುಕುಗಳಲ್ಲಿ ಕೊಡುತ್ತವೆ. ಎಷ್ಟು ಹತ್ತಿರದಿಂದ ನೋಡಬೇಕೆಂಬುದಕ್ಕೆ ಜೂಮ್ ಮಟ್ಟ ಎಂಬ ಅಂಕೆ ಇದೆ. 16ನೇ ಮಟ್ಟದಲ್ಲಿ ಒಂದು ಪಿಕ್ಸೆಲ್ ಇಲ್ಲಿ 2.26 ಮೀಟರ್ ನೆಲವನ್ನು ಹಿಡಿಯುತ್ತದೆ, 17ರಲ್ಲಿ 1.13 ಮೀಟರ್, 18ರಲ್ಲಿ ಅರ್ಧ ಮೀಟರಿಗೆ ತುಸು ಹೆಚ್ಚು. 17ನೇ ಮಟ್ಟದಲ್ಲಿ ಕಲ್ಯಾಣ್ ಚೌಕವನ್ನು ತುಂಬಿಸಲು ಸುಮಾರು 1.4 ಲಕ್ಷ ತುಣುಕು ಬೇಕು. ಅಂದರೆ 920 ಕೋಟಿಯಷ್ಟು ಪಿಕ್ಸೆಲ್. ತಂತ್ರಾಂಶ ಇವನ್ನು ಸಾಲಿಗೆ ಹದಿನಾರರಂತೆ ಜೋಡಿಸಿ 4096 ಪಿಕ್ಸೆಲ್ ಬದಿಯ ದೊಡ್ಡ ಹಾಳೆಗಳನ್ನಾಗಿ ಮಾಡುತ್ತದೆ. ಒಂದು ಹಾಳೆ 4.6 ಕಿಲೋಮೀಟರ್ ಅಗಲದ ಸೀಮೆಯನ್ನು ಮುಚ್ಚುತ್ತದೆ. ಹಾಳೆಯನ್ನು ಗ್ರಾಫಿಕ್ಸ್ ಕಾರ್ಡ್ ನೇರವಾಗಿ ಓದಬಲ್ಲ ರೀತಿಯಲ್ಲಿ ಕುಗ್ಗಿಸಿದರೆ 11 ಎಂಬಿ ತೂಗುತ್ತದೆ, ಇಡೀ ಚೌಕ 6 ಜಿಬಿ. ಇಷ್ಟೇನಾ ಎಂದು ಹಿಗ್ಗಬೇಕಿಲ್ಲ. ಒಂದು ಮಟ್ಟ ಮೇಲೇರಿದರೆ ನಾಲ್ಕು ಪಟ್ಟು. 18ಕ್ಕೆ 24 ಜಿಬಿ ದಾಟುತ್ತದೆ, 19ಕ್ಕೆ ನೂರರ ಹತ್ತಿರ.

ಆದ್ದರಿಂದ ಅನುಭವಸ್ಥರು ಎಲ್ಲ ಕಡೆಗೂ ಒಂದೇ ಮಟ್ಟ ಹಾಕುವುದಿಲ್ಲ. ಇಗತ್‌ಪುರಿಯ ಘಟ್ಟ, ನಾಶಿಕದ ದಾರಿಯ ಹೊಲಗಳಿಗೆ 16 ಸಾಕು. ಡೊಂಬಿವಲಿ, ಕಲ್ಯಾಣ್ ಮೇಲೆ 17. ರನ್‌ವೇಯ ಸುತ್ತ, ವಿಮಾನ ಇಳಿಯುವ ದಾರಿಯಲ್ಲಿ ಮಾತ್ರ 18 ಅಥವಾ 19. ನೂರು ಮೀಟರ್ ಎತ್ತರದಿಂದ ಕಾಣುವುದಕ್ಕೂ ಹತ್ತು ಸಾವಿರ ಅಡಿಯಿಂದ ಕಾಣುವುದಕ್ಕೂ ಒಂದೇ ಮಟ್ಟದ ಚಿತ್ರ ಸುರಿಯುವುದು ದಂಡ.

ಇಲ್ಲಿಯವರೆಗೆ ಯಂತ್ರದ ಕೆಲಸ. ಕಣ್ಣಿನ ಕೆಲಸ ಈಗ ಶುರು.

ಮೊದಲ ತೊಂದರೆ ನೆರಳು. ಭೂಮಿಯ ಚಿತ್ರ ತೆಗೆಯುವ ಹೆಚ್ಚಿನ ಉಪಗ್ರಹಗಳು ಸ್ಥಳೀಯ ಸೌರಕಾಲ ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ತಲೆಯ ಮೇಲೆ ಹಾಯುವಂತೆ ಕಕ್ಷೆ ಹಿಡಿದಿರುತ್ತವೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಥಾಣೆಯ ಸೂರ್ಯ ಆಗ್ನೇಯದಲ್ಲಿ, ದಿಗಂತದಿಂದ ಸುಮಾರು 42 ಡಿಗ್ರಿ ಮೇಲೆ. ಘೋಡ್‌ಬಂದರ್ ರಸ್ತೆಯ ನೂರು ಮೀಟರಿನ ಟವರ್ ವಾಯವ್ಯಕ್ಕೆ ನೂರಹತ್ತು ಮೀಟರ್ ಉದ್ದದ ಕಪ್ಪು ನೆರಳು ಚಾಚಿರುತ್ತದೆ, ಅದು ಚಿತ್ರದಲ್ಲಿ ಅಚ್ಚಾಗಿಬಿಟ್ಟಿರುತ್ತದೆ. ಈಗ ಸಿಮ್ಯುಲೇಟರಿನಲ್ಲಿ ಸಂಜೆ ಐದಕ್ಕೆ ಹಾರಿದರೆ ತಂತ್ರಾಂಶ ಆ ಟವರಿಗೆ ಪೂರ್ವದ ಕಡೆ ತನ್ನದೇ ನೆರಳು ಬೀಳಿಸುತ್ತದೆ. ಒಂದು ಕಟ್ಟಡಕ್ಕೆ ಎರಡು ನೆರಳು, ಎರಡು ದಿಕ್ಕಿಗೆ! ಹೀಗಾಗಿ ಅಚ್ಚಾದ ನೆರಳನ್ನು ತಿಳಿಯಾಗಿಸಬೇಕು. ಪೂರಾ ಅಳಿಸಲು ಹೋದರೆ ಅದರಡಿಯ ರಸ್ತೆ, ಮರಗಳೂ ಬೂದಿಬಣ್ಣದ ಮಸುಕಾಗುತ್ತವೆ. ಹದ ತಿಳಿದವರು ಕಪ್ಪನ್ನು ಸ್ವಲ್ಪ ಎತ್ತಿ, ಅಷ್ಟಕ್ಕೇ ಕೈಬಿಡುತ್ತಾರೆ.

ಟವರಿನದೇ ಇನ್ನೊಂದು ಪೇಚು. ಕ್ಯಾಮೆರಾ ನೆತ್ತಿಯ ಮೇಲೆ ಇಲ್ಲದಿದ್ದರೆ ಎತ್ತರದ ಕಟ್ಟಡ ಚಿತ್ರದಲ್ಲಿ ಪಕ್ಕಕ್ಕೆ ವಾಲುತ್ತದೆ. ಅದರ ತಾರಸಿ ಒಂದು ಕಡೆ, ಬುಡ ಒಂದು ಕಡೆ. ಗುಡ್ಡಗಳ ಓರೆಯನ್ನು ಎತ್ತರದ ದತ್ತಾಂಶ ಬಳಸಿ ನೇರ ಮಾಡಬಹುದು, ನಕ್ಷೆಗೆ ಹೊಂದುವಂತೆ ಹೀಗೆ ತಿದ್ದಿದ ಚಿತ್ರವನ್ನೇ ಆರ್ಥೋಫೋಟೋ ಎನ್ನುವುದು. ಆದರೆ ಸಾಮಾನ್ಯ ಆರ್ಥೋಫೋಟೋದಲ್ಲಿ ನೆಲ ಮಾತ್ರ ನೇರವಾಗುತ್ತದೆ, ಕಟ್ಟಡಗಳು ವಾಲಿಕೊಂಡೇ ಇರುತ್ತವೆ. ಸಿಮ್ಯುಲೇಟರ್ ತನ್ನ ಮೂರು ಆಯಾಮದ ಕಟ್ಟಡವನ್ನು ಬುಡದ ಮೇಲೆ ನಿಲ್ಲಿಸಿದಾಗ ಪಕ್ಕದ ರಸ್ತೆಯ ಮೇಲೆ ಅದೇ ಕಟ್ಟಡದ ಚಪ್ಪಟೆ ಹೆಣ ಬಿದ್ದಿರುತ್ತದೆ.

ಮಳೆಗಾಲದ ವಿಚಾರವಂತೂ ನಗು ತರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮೇಲೆ ಮೋಡ ಕವಿದಿರುವುದರಿಂದ ಒಳ್ಳೆಯ ಚಿತ್ರಗಳೆಲ್ಲ ಮಳೆ ಮುಗಿದ ಮೇಲಿನವು. ಮಾರ್ಚ್ ಏಪ್ರಿಲ್‌ನಲ್ಲಿ ತೆಗೆದ ಚಿತ್ರದಲ್ಲಿ ಯೇವೂರಿನ ಕಾಡು, ಪಾರಸಿಕ್ ಗುಡ್ಡ ಎಲ್ಲವೂ ಎಲೆಯುದುರಿ ಕಂದು. ಜುಲೈಯಲ್ಲಿ ಹಾರುವ ಹವ್ಯಾಸಿ ನಿಜವಾದ ಹವಾಮಾನವನ್ನು ಪರದೆಗೆ ತರಿಸಿಕೊಳ್ಳುತ್ತಾನೆ. ಆಕಾಶದಲ್ಲಿ ಕಪ್ಪು ಮೋಡ, ಗಾಜಿನ ಮೇಲೆ ಧಾರಾಕಾರ ಮಳೆ, ಕೆಳಗೆ ಬೇಸಿಗೆಯ ಒಣ ಬೆಟ್ಟ. ಪಕ್ಕದ ಹಾಳೆ ನವೆಂಬರಿನದಾಗಿದ್ದರೆ ಅದರ ಹಸಿರು ಒಂದು ನೇರ ಗೆರೆಯಲ್ಲಿ ಕಡಿದು ನಿಲ್ಲುತ್ತದೆ. ಎರಡು ಹಾಳೆಗಳ ಬಣ್ಣವನ್ನು ಒಂದಕ್ಕೊಂದು ಒಗ್ಗಿಸುವುದು ಸಾಧ್ಯ, ಒಂದರ ಕೆಂಪು ಹಸಿರು ನೀಲಿಗಳ ಹಂಚಿಕೆಯನ್ನು ಇನ್ನೊಂದರ ಹಂಚಿಕೆಗೆ ಹೊಂದಿಸಿದರಾಯಿತು. ಆದರೆ ಕಂದು ಕಾಡನ್ನು ಹಸಿರಾಗಿಸುವ ಅದೇ ಲೆಕ್ಕ ಡೊಂಬಿವಲಿಯ ತಾರಸಿಗಳನ್ನೂ ಹಸಿರು ಮಾಡಿಬಿಡುತ್ತದೆ. ಕಾಡಿಗೆ ಬೇರೆ, ಊರಿಗೆ ಬೇರೆ ಲೆಕ್ಕ ಹಾಕಬೇಕು.

ಖಾಡಿಯ ಪಾಡು ಇನ್ನೂ ಸೂಕ್ಷ್ಮ. ಮುಂಬಯಿ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಭರತ ಇಳಿತಗಳ ನಡುವೆ ನಾಲ್ಕು ಮೀಟರಿಗೂ ಹೆಚ್ಚು ವ್ಯತ್ಯಾಸ ಬೀಳುವುದುಂಟು. ಥಾಣೆ ಖಾಡಿಯ ಅಂಚು ಇಳಿತದಲ್ಲಿ ಕೆಸರು ಬಯಲು, ಭರತದಲ್ಲಿ ನೀರು. ಅದೇ ಕೆಸರನ್ನು ನಂಬಿ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಬರುತ್ತವೆ. 2015ರಲ್ಲಿ ಇಲ್ಲಿ ಫ್ಲೆಮಿಂಗೊ ಅಭಯಾರಣ್ಯ ಘೋಷಣೆಯಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಸಿಮ್ಯುಲೇಟರಿಗೆ ಮಾತ್ರ ಖಚಿತ ಉತ್ತರ ಬೇಕು: ಈ ಪಿಕ್ಸೆಲ್ ನೀರೋ, ನೆಲವೋ? ಇದನ್ನು ಹೇಳುವುದಕ್ಕೆ ಮಾಸ್ಕ್ ಎಂಬ ಕಪ್ಪು ಬಿಳುಪು ಚಿತ್ರವೊಂದನ್ನು ಪ್ರತಿ ಹಾಳೆಗೂ ಜೋಡಿಸುತ್ತಾರೆ. ಒಂದು ಬಣ್ಣದ ಕಡೆ ಫೋಟೋ ಕಾಣುತ್ತದೆ, ಇನ್ನೊಂದರ ಕಡೆ ಫೋಟೋ ಪಾರದರ್ಶಕವಾಗಿ ಅಲೆ ಏಳುವ ಕೃತಕ ನೀರು ಕಾಣುತ್ತದೆ. ಖಾಡಿಯಂಚಿನ ಕಾಂಡ್ಲಾ ಕಾಡಿನ ನಡುವೆ ಗೆರೆ ಎಳೆಯುವುದು ತಪ್ಪು, ಹಾಗಾಗಿ ಅಲ್ಲಿ ಬೂದಿಬಣ್ಣದ ಅಗಲವಾದ ಪಟ್ಟಿ ಬಿಟ್ಟು ನೆಲ ಮೆಲ್ಲಗೆ ನೀರಾಗುವಂತೆ ಮಾಡುತ್ತಾರೆ. ಈ ಗಡಿ ಬರುವುದು ಸ್ವಯಂಸೇವಕರು ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಉಲ್ವೆ ನದಿಯ ಪಾತ್ರ ತಿರುಗಿದ್ದನ್ನು ಯಾರಾದರೂ ಅಲ್ಲಿ ತಿದ್ದಿರದಿದ್ದರೆ ರನ್‌ವೇ ಆವರಣದಲ್ಲಿ ಹಳೆಯ ನದಿ ಹರಿಯುತ್ತದೆ.

ಸೇತುವೆಗಳೂ ಹೀಗೆಯೇ. 2024ರ ಜನವರಿ 12ರಂದು ಉದ್ಘಾಟನೆಯಾದ ಅಟಲ್ ಸೇತು 21.8 ಕಿಲೋಮೀಟರ್ ಉದ್ದ. ಅದಕ್ಕಿಂತ ಹಳೆಯ ಚಿತ್ರದಲ್ಲಿ ಅದು ಇಲ್ಲವೇ ಇಲ್ಲ, ಹೊಸ ಚಿತ್ರದಲ್ಲಿ ಸಮುದ್ರದ ಮೇಲೆ ಬಳಿದ ಚಪ್ಪಟೆ ಪಟ್ಟಿ. ಚಿತ್ರದಿಂದ ಅಳಿಸಿ, ಮೂರು ಆಯಾಮದ ಮಾದರಿಯನ್ನು ಅದರ ಜಾಗದಲ್ಲಿ ನಿಲ್ಲಿಸದೆ ಗತಿಯಿಲ್ಲ.

ಆಮೇಲೆ ದೆವ್ವಗಳು. ಕಲ್ಯಾಣ್ ಜಂಕ್ಷನ್ನಿನ ಯಾರ್ಡಿನಲ್ಲಿ ಚಿತ್ರ ತೆಗೆದ ಕ್ಷಣದಲ್ಲಿ ನಿಂತಿದ್ದ ರೈಲುಗಳು, ಪೂರ್ವ ಎಕ್ಸ್‌ಪ್ರೆಸ್ ಹೈವೇಯ ಕಾರುಗಳು, ನಿಲ್ದಾಣದಲ್ಲಿ ನಿಂತ ವಿಮಾನಗಳು ನೆಲಕ್ಕೆ ಬಳಿದ ಚಿತ್ರಗಳಾಗಿ ಉಳಿಯುತ್ತವೆ. ಹಾರುತ್ತಿದ್ದ ವಿಮಾನವೇ ಸಿಕ್ಕಿಬಿದ್ದರೆ ಇನ್ನೂ ಸೊಗಸು. ಮುಂಬಯಿಗೆ ಪೂರ್ವದಿಂದ ಇಳಿಯುವ ವಿಮಾನಗಳು ನವಿಮುಂಬಯಿ, ಥಾಣೆ ಖಾಡಿಗಳ ಮೇಲೇ ಬರುತ್ತವೆ. ಎಷ್ಟೋ ಉಪಗ್ರಹಗಳು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ಚೂರು ಹೊತ್ತು ಬಿಟ್ಟು ಒಂದೊಂದಾಗಿ ಹಿಡಿಯುತ್ತವೆ. ಅಷ್ಟರಲ್ಲಿ ವಿಮಾನ ಮುಂದೆ ಸಾಗಿರುತ್ತದೆ. ಚಿತ್ರದಲ್ಲಿ ಒಂದರ ಹಿಂದೊಂದು ಮೂರು ಬಣ್ಣದ ವಿಮಾನಗಳು ಮೂಡುತ್ತವೆ. ಇವನ್ನು ಅಳಿಸುವಾಗ ಪಕ್ಕದ ನೆಲದ ತುಂಡನ್ನೇ ತೇಪೆ ಹಾಕುವುದು ರೂಢಿ. ಕಾರುಗಳ ಗೊಡವೆಗೆ ಹೋಗುವವರು ಕಡಿಮೆ, ಹೋಗಲೂಬಾರದು. ಥಾಣೆಯ ರಸ್ತೆಯಲ್ಲಿ ವಾಹನವೇ ಇಲ್ಲದಿದ್ದರೆ ಯಾರು ನಂಬುತ್ತಾರೆ?

ಕಟ್ಟಡಗಳ ವಿಷಯದಲ್ಲಿ ಡೊಂಬಿವಲಿ ಒಂದು ಪರೀಕ್ಷೆಯೇ ಸರಿ. ಮೇಲಿನಿಂದ ನೋಡಿದರೆ ತಾರಸಿಗೆ ತಾರಸಿ ತಾಗಿದೆ. ಮಳೆ ಸೋರದಂತೆ ಸೊಸೈಟಿಗಳು ಹಾಕಿಸಿದ ತಗಡಿನ ಶೆಡ್ಡು, ಅದರ ಮೇಲೆ ನೀಲಿ ಟಾರ್ಪಾಲು, ಎಲ್ಲಿ ಒಂದು ಕಟ್ಟಡ ಮುಗಿದು ಇನ್ನೊಂದು ಶುರುವಾಯಿತೆಂದು ಮನುಷ್ಯನ ಕಣ್ಣಿಗೇ ತಿಳಿಯದು. ಮೈಕ್ರೋಸಾಫ್ಟ್ ತನ್ನ 2020ರ ಆವೃತ್ತಿಗೆ ಆಸ್ಟ್ರಿಯಾದ ಬ್ಲ್ಯಾಕ್‌ಶಾರ್ಕ್ ಕಂಪನಿಯ ಕೃತಕ ಬುದ್ಧಿಮತ್ತೆಯನ್ನು ಬಳಸಿತು. ಅದು ಚಿತ್ರ ನೋಡಿ ಕಟ್ಟಡದ ಆಕಾರ, ಎತ್ತರ, ಮಾಡಿನ ಬಗೆಯನ್ನು ಊಹಿಸುತ್ತದೆ. ಬಿಡಿ ಬಿಡಿ ಮನೆಗಳ ಯುರೋಪಿನ ಬಡಾವಣೆಗೆ ಒಪ್ಪುವ ಊಹೆ ಇಲ್ಲಿ ಎಡವುವುದು ಸಹಜ. ಹತ್ತು ಕಟ್ಟಡಗಳನ್ನು ಒಂದೇ ದೊಡ್ಡ ಗೋದಾಮು ಎಂದುಕೊಂಡರೆ ಅದರ ತಪ್ಪಲ್ಲ.

ಊಹೆಗೆ ಬಿಡದೆ ನಕ್ಷೆಯನ್ನೇ ನಂಬಿದರೂ ಅಪಾಯವಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಯಾರೋ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಮನೆಗೆ 2 ಮಹಡಿ ಎಂದು ಬರೆಯುವ ಬದಲು 212 ಎಂದು ಬರೆದುಬಿಟ್ಟಿದ್ದರು. ಆಮೇಲೆ ನಕ್ಷೆಯಲ್ಲಿ ತಿದ್ದುಪಡಿಯಾಯಿತು, ಆದರೆ ಅಷ್ಟರೊಳಗೆ ದತ್ತಾಂಶ ಮೈಕ್ರೋಸಾಫ್ಟ್‌ಗೆ ಹೋಗಿತ್ತು. 2020ರ ಆಗಸ್ಟ್‌ನಲ್ಲಿ ಆಟ ಬಿಡುಗಡೆಯಾದಾಗ ತಗ್ಗು ಮನೆಗಳ ಬಡಾವಣೆಯಲ್ಲಿ ಮೋಡ ಮುಟ್ಟುವ ಕಂಬವೊಂದು ಎದ್ದಿತ್ತು. ಜನ ಅದನ್ನು ಹುಡುಕಿಕೊಂಡು ಹೋಗಿ ಸುತ್ತ ಹಾರಿ ಬಂದರು.

ಇನ್ನು ಎತ್ತರದ ಜಾಲ. ಎಸ್‌ಆರ್‌ಟಿಎಂ ಸುಮಾರು ಮೂವತ್ತು ಮೀಟರಿಗೊಂದು ಅಂಕೆ ಕೊಡುತ್ತದೆ. ಬಯಲಿಗೆ ಧಾರಾಳವಾಯಿತು. ಕಲ್ಯಾಣ್ ಬಳಿಯ ಮಲಂಗಗಡಕ್ಕೆ ಸಾಲದು. ಅದರ ಚೂಪು ಶಿಖರ ಮೊಂಡಾಗುತ್ತದೆ, ನೆಟ್ಟಗಿನ ಬಂಡೆಗೋಡೆ ಇಳಿಜಾರಾಗುತ್ತದೆ, ಆ ಇಳಿಜಾರಿನ ಮೇಲೆ ನಾಲ್ಕಾರು ಪಿಕ್ಸೆಲ್‌ಗಳು ರಬ್ಬರಿನಂತೆ ಜಗ್ಗಿಹೋಗುತ್ತವೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಗೋಡೆಯ ಮುಖವೇ ಇಲ್ಲದಿರುವಾಗ ಬಣ್ಣ ಎಲ್ಲಿಂದ ತರುವುದು? ಬೇರೆ ಕಲ್ಲಿನ ಚಿತ್ರವೊಂದನ್ನು ಅಂಟಿಸುವುದೇ ಉಪಾಯ.

ಉಲ್ವೆಯ ಗುಡ್ಡವನ್ನು ಕಡಿಯುವುದಕ್ಕೆ ಹವ್ಯಾಸಿಗೆ ಸಿಡಿಮದ್ದು ಬೇಡ. ಆರ್ಥೋ4ಎಕ್ಸ್‌ಪಿಯಲ್ಲಿ ಪ್ಯಾಚ್ ಎಂಬ ಸೌಲಭ್ಯವಿದೆ. ನಿಲ್ದಾಣದ ಆವರಣದ ಸುತ್ತ ಒಂದು ಬಹುಭುಜ ಎಳೆದು ಅದರೊಳಗಿನ ಎತ್ತರ ಇಷ್ಟು ಎಂದು ಬರೆದರೆ ಹಳೆಯ ಅಂಕೆ ಬದಿಗೆ ಸರಿಯುತ್ತದೆ. ಬಹುಭುಜದ ಅಂಚಿನಲ್ಲಿ ಹೊಸ ಎತ್ತರ ಹಳೆಯದಕ್ಕೆ ನಯವಾಗಿ ಸೇರಬೇಕು, ಇಲ್ಲವಾದರೆ ನಿಲ್ದಾಣದ ಸುತ್ತ ಕೋಟೆಗೋಡೆ ಏಳುತ್ತದೆ.

ಮುಂಬಯಿ ಕನ್ನಡಿಗರು ಪರದೆಯ ಮೇಲೆ ಮೊದಲು ಹಾರಬಯಸುವ ದಾರಿ ಯಾವುದೆಂದು ಬೇರೆ ಹೇಳಬೇಕಿಲ್ಲ. ಆ ದಾರಿಯ ಇನ್ನೊಂದು ತುದಿಯಲ್ಲಿ, ಮಂಗಳೂರಿನ ಬಜ್ಪೆಯಲ್ಲಿ, ಇದರ ತದ್ವಿರುದ್ಧ ಸಮಸ್ಯೆ. 2,450 ಮೀಟರಿನ ಅಲ್ಲಿನ ಹೊಸ ರನ್‌ವೇ ಬಳಕೆಗೆ ಬಂದಿದ್ದು 2006ರಲ್ಲಿ, ಎಂಡೇವರ್ ಅಳತೆಯ ಆರು ವರ್ಷಗಳ ನಂತರ. ಗುಡ್ಡದ ನೆತ್ತಿಯ ಮೇಲಿನ ಮೇಜಿನಂಥ ರನ್‌ವೇ ಅದು, ಎರಡೂ ತುದಿಗೆ ಕಣಿವೆ. ಹಳೆಯ ಎತ್ತರವನ್ನೇ ಬಳಸಿದರೆ ರನ್‌ವೇ ಅಲೆಅಲೆಯಾಗುತ್ತದೆ. ತಂತ್ರಾಂಶಕ್ಕೆ ಸಪಾಟು ಮಾಡೆಂದು ಹೇಳಿ ಆವರಣವನ್ನು ಅಗಲವಾಗಿ ಎಳೆದರೆ ಕಣಿವೆಯೇ ತುಂಬಿಹೋಗುತ್ತದೆ. 2010ರ ಮೇ 22ರಂದು ಇಲ್ಲಿ ನಡೆದ ದುರಂತದಲ್ಲಿ ವಿಮಾನ ಉರುಳಿದ್ದು ಇಂಥ ಕಣಿವೆಗೆ. ಅದನ್ನು ಮುಚ್ಚಿಹಾಕಿದ ಸಿಮ್ಯುಲೇಟರ್ ಆಟಕ್ಕೂ ಲಾಯಕ್ಕಲ್ಲ.

ವೃತ್ತಿಪರ ಪೈಲಟ್‌ಗಳು ತರಬೇತಿ ಪಡೆಯುವ ಸಿಮ್ಯುಲೇಟರುಗಳು ಈ ಕಾರಣಕ್ಕೇ ಬೇರೆ ಹಾದಿ ಹಿಡಿಯುತ್ತವೆ. ಅಲ್ಲಿ ಇಡೀ ಊರಿನ ಚೆಂದಕ್ಕಿಂತ ರನ್‌ವೇಯ ಇಳಿಜಾರು, ದೀಪಗಳ ಸಾಲು, ಅಡೆತಡೆಗಳ ಎತ್ತರ ಮುಖ್ಯ. ಬೆಂಗಳೂರಿನಲ್ಲಿ ಡಿಆರ್‌ಡಿಒದ ಎಡಿಇ ಪ್ರಯೋಗಾಲಯ ಯುದ್ಧವಿಮಾನಗಳ ಸಿಮ್ಯುಲೇಟರುಗಳನ್ನು ರೂಪಿಸಿದೆ, ಎಚ್‌ಎಎಲ್ ಪಾಲುದಾರಿಕೆಯ ಹ್ಯಾಟ್ಸಾಫ್ ಸಂಸ್ಥೆ ಹೆಲಿಕಾಪ್ಟರ್ ಪೈಲಟ್‌ಗಳಿಗೆ ಹೆಲಿಕಾಪ್ಟರ್ ಸಿಮ್ಯುಲೇಟರುಗಳ ಮೇಲೆ ತರಬೇತಿ ಕೊಡುತ್ತದೆ.

ಹವ್ಯಾಸಿಗೆ ಕಾನೂನಿನ ಲೆಕ್ಕವೂ ತಿಳಿದಿರಬೇಕು. ಇಂಟರ್‌ನೆಟ್ ನಕ್ಷೆಗಳ ಚಿತ್ರಗಳಿಗೆ ಹಕ್ಕುದಾರರಿದ್ದಾರೆ. ಇಳಿಸಿಕೊಂಡ ಹಾಳೆಗಳನ್ನು ಊರಿಗೆಲ್ಲ ಹಂಚುವಂತಿಲ್ಲ. ಈ ಸಮುದಾಯದಲ್ಲಿ ಚಿತ್ರಕ್ಕಿಂತ ಚಿತ್ರ ತಯಾರಿಸುವ ವಿಧಾನ ಮತ್ತು ಪ್ಯಾಚುಗಳು ಹೆಚ್ಚು ಕೈಬದಲಾಗುವುದು ಅದಕ್ಕೇ. ತಾನೇ ಡ್ರೋನ್ ಹಾರಿಸಿ ಚಿತ್ರ ತೆಗೆಯುತ್ತೇನೆಂದರೆ 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಸುತ್ತ 12 ಕಿಲೋಮೀಟರ್‌ವರೆಗೂ ಒಂದಲ್ಲ ಒಂದು ನಿರ್ಬಂಧ ಇದೆ. ಎರಡೆರಡು ನಿಲ್ದಾಣಗಳ ನಡುವೆ ಸಿಕ್ಕ ನವಿಮುಂಬಯಿಯಲ್ಲಿ ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆ ನೋಡುವುದು ಕಡ್ಡಾಯ.

ಈ ಸೀಮೆಗೆ ವಿಮಾನ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಲ್ಯಾಣ್ ಬಳಿಯ ನೇವಾಳಿಯಲ್ಲಿ ವಿಮಾನದ ತಾಣವೊಂದನ್ನು ಕಟ್ಟಿದ್ದರು. ಇಂದು ವಿಮಾನ ಇಳಿಯದ ಇಂಥ ತಾಣಗಳಲ್ಲಿ ನೆಲವನ್ನು ಸಪಾಟು ಮಾಡಬೇಕೇ ಬೇಡವೇ ಎಂಬುದನ್ನು ತಂತ್ರಾಂಶ ತಾನಾಗಿ ತೀರ್ಮಾನಿಸಲಾರದು. ಚೌಕ ಕಟ್ಟುವವರೇ ನಿರ್ಧರಿಸಬೇಕು.

ಸಿಮ್ಯುಲೇಟರ್ ಹಾರಿಸದವರಿಗೂ ಇಲ್ಲಿ ಒಂದು ಕೆಲಸವಿದೆ. ಡೊಂಬಿವಲಿಯ ಯಾವ ಗಲ್ಲಿಯಲ್ಲಿ ಯಾವ ಕಟ್ಟಡ ಎಷ್ಟು ಮಹಡಿಯದೆಂದು ಅಲ್ಲಿರುವವರಿಗಿಂತ ಚೆನ್ನಾಗಿ ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆಯಲು ದುಡ್ಡು ಬೇಕಿಲ್ಲ. ನಿಮ್ಮ ಸೊಸೈಟಿಯ ಗೆರೆ ಎಳೆಯಿರಿ, ಮಹಡಿಗಳ ಸಂಖ್ಯೆ ಬರೆಯಿರಿ, ಉಳಿಸುವ ಮೊದಲು ಆ ಅಂಕೆಯನ್ನು ಇನ್ನೊಮ್ಮೆ ನೋಡಿಕೊಳ್ಳಿ.